ದಾಖಲೆಯ ಮೌನ: ಕ್ರೈಸ್ತಧರ್ಮದ ಚಾರಿತ್ರಿಕ ತಳಹದಿಯನ್ನು ಕುರಿತ ಕೇರಳದ ವಾಗ್ವಾದ

1. ಪ್ರವೇಶ

ಮಲಯಾಳದ ‘ಯುಕ್ತಿವಾದ’ ಎಂಬ ಪದ ಕನ್ನಡದ ಓದುಗರನ್ನು ಮೊದಲಿಗೆ ಕೊಂಚ ದಾರಿ ತಪ್ಪಿಸುತ್ತದೆ. ಕನ್ನಡದ ಬಳಕೆಯಲ್ಲಿ ಯುಕ್ತಿ ಎಂದರೆ ಉಪಾಯ, ಜಾಣತನ. ಮಲಯಾಳದಲ್ಲಾದರೋ ಕಾರಣಸಹಿತವಾದ ವಿಚಾರ ಎಂಬ ಶಾಸ್ತ್ರೀಯ ಅರ್ಥವೇ ಆ ಪದದಲ್ಲಿ ಪ್ರಧಾನವಾಗಿ ಉಳಿದಿದೆ. ಕನ್ನಡದಲ್ಲಿ ವಿಚಾರವಾದ ಎಂದು ಹೆಸರಾದುದನ್ನೇ ಅಲ್ಲಿ ಯುಕ್ತಿವಾದ ಎನ್ನುತ್ತಾರೆ. ಆದರೆ ಈ ಎರಡರ ನಡುವಿನ ವ್ಯತ್ಯಾಸ ಹೆಸರಿಗಷ್ಟೇ ಸೀಮಿತವಲ್ಲ. ಕರ್ನಾಟಕದ ವಿಚಾರವಾದ ಬಹುಮಟ್ಟಿಗೆ ಪುರೋಹಿತಶಾಹಿ, ಜಾತಿಪದ್ಧತಿ ಹಾಗೂ ಪವಾಡಗಳನ್ನು ಎದುರಿಸಿ ಬೆಳೆದುದು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ಎಚ್. ನರಸಿಂಹಯ್ಯನವರ ನೇತೃತ್ವದಲ್ಲಿ ರಚಿತವಾದ ಪವಾಡ ಪರೀಕ್ಷಣ ಸಮಿತಿ ಈ ಧಾರೆಯ ಪ್ರಸಿದ್ಧ ನಿದರ್ಶನ. ಕೇರಳದ ಯುಕ್ತಿವಾದವು ಈ ಕೆಲಸದ ಜೊತೆಗೆ ಇನ್ನೊಂದನ್ನೂ ಕೈಗೆತ್ತಿಕೊಂಡಿತು. ಅದು ಒಂದು ಧರ್ಮದ ಚಾರಿತ್ರಿಕ ತಳಹದಿಯ ಪರೀಕ್ಷೆ. 2011ರ ಜನಗಣತಿಯಂತೆ ಜನಸಂಖ್ಯೆಯ ಶೇಕಡಾ 18ಕ್ಕಿಂತ ಹೆಚ್ಚು ಭಾಗ ಕ್ರೈಸ್ತರಿರುವ ನಾಡಿನಲ್ಲಿ, ಅದರಲ್ಲಿಯೂ ತನ್ನ ಹುಟ್ಟನ್ನು ಯೇಸುವಿನ ನೇರ ಶಿಷ್ಯನೊಬ್ಬನಿಗೆ ಜೋಡಿಸಿಕೊಳ್ಳುವ ಸಮುದಾಯದ ನಡುವೆ, ಇದು ಅನಿವಾರ್ಯವೂ ಆಗಿತ್ತು.

ಕ್ರೈಸ್ತಧರ್ಮ ತನ್ನನ್ನು ಚರಿತ್ರೆಯಲ್ಲಿ ನಡೆದ ಘಟನೆಯ ಮೇಲೆ ನಿಲ್ಲಿಸಿಕೊಂಡ ಧರ್ಮ. ಇಂಥ ಅಧಿಕಾರಿಯ ಕಾಲದಲ್ಲಿ ಯೇಸುವಿನ ಮರಣವಾಯಿತೆಂದು ಅದರ ವಿಶ್ವಾಸಪ್ರಮಾಣವೇ ಹೇಳುತ್ತದೆ. ಆದ್ದರಿಂದ ‘ಇದು ನಡೆಯಿತೇ?’ ಎಂಬ ಪ್ರಶ್ನೆ ಅದಕ್ಕೆ ಹೊರಗಿನದಲ್ಲ. ಕೊಚ್ಚಿ ಮತ್ತು ತಿರುವನಂತಪುರಗಳನ್ನು ಕೇಂದ್ರವಾಗಿ ಉಳ್ಳ ಕೇರಳದ ಬೌದ್ಧಿಕ ವಲಯದಲ್ಲಿ ಈ ಪ್ರಶ್ನೆಯನ್ನು ಹೇಗೆ ಕೇಳಲಾಯಿತು, ಕೊಟ್ಟ ಉತ್ತರಗಳು ಯಾವ ಆಧಾರದ ಮೇಲೆ ನಿಂತಿವೆ, ಆಧಾರವಿಲ್ಲದಿರುವುದನ್ನೇ ಆಧಾರವಾಗಿ ಎಷ್ಟರಮಟ್ಟಿಗೆ ಬಳಸಬಹುದು ಎಂಬುದರ ವಿವೇಚನೆ ಪ್ರಸ್ತುತ ಲೇಖನದ ಉದ್ದೇಶ.

2. ಪ್ರಶ್ನೆಯ ಎರಡು ಮುಖಗಳು

1929ರಲ್ಲಿ ಆರಂಭವಾದ ‘ಯುಕ್ತಿವಾದಿ’ ಪತ್ರಿಕೆ ಕೇರಳದ ಈ ಚಳವಳಿಗೆ ಸಂಘಟಿತ ರೂಪ ಕೊಟ್ಟಿತು. ಅದರ ಹಿಂದಿದ್ದವರಲ್ಲಿ ಸಹೋದರನ್ ಅಯ್ಯಪ್ಪನ್ (1889–1968) ಪ್ರಮುಖರು. ಕೊಚ್ಚಿಯ ಸಮೀಪದ ವೈಪಿನ್ ದ್ವೀಪದ ಚೆರಾಯಿಯಲ್ಲಿ 1917ರಲ್ಲಿ ಈಳವರನ್ನೂ ಪುಲಯರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಸಹಭೋಜನ ನಡೆಸಿದ ಕಾರಣಕ್ಕೆ ಸ್ವಜಾತಿಯವರಿಂದಲೇ ‘ಪುಲಯನ್ ಅಯ್ಯಪ್ಪನ್’ ಎಂದು ಹಂಗಿಸಿಕೊಂಡವರು ಅವರು. ಎಂ. ಸಿ. ಜೋಸೆಫ್ ಅವರು ಪತ್ರಿಕೆಯನ್ನು ದೀರ್ಘಕಾಲ ನಡೆಸಿದರು. ಅಯ್ಯಪ್ಪನ್ ಈಳವ ಸಮುದಾಯದಿಂದ ಬಂದವರು, ಜೋಸೆಫ್ ಕ್ರೈಸ್ತ ಹಿನ್ನೆಲೆಯವರು. ಪ್ರತಿಯೊಬ್ಬನೂ ಮೊದಲು ತನ್ನ ಮನೆಯ ನಂಬಿಕೆಯನ್ನೇ ಪರೀಕ್ಷಿಸಬೇಕೆಂಬ ನೀತಿ ಈ ಚಳವಳಿಯಲ್ಲಿ ಆರಂಭದಿಂದಲೂ ಕಾಣುತ್ತದೆ. ತಿರುವಲ್ಲದ ಮಾರ್ ತೋಮಾ ಪುರೋಹಿತ ಮನೆತನದಲ್ಲಿ ಹುಟ್ಟಿ ಸಿಂಹಳದಲ್ಲಿ ನೆಲೆಸಿದ ಅಬ್ರಹಾಂ ಕೋವೂರ್ (1898–1978) ಕನ್ನಡಿಗರಿಗೂ ಪರಿಚಿತರು.

ಕ್ರೈಸ್ತಧರ್ಮದ ಚಾರಿತ್ರಿಕತೆಯ ಪ್ರಶ್ನೆಯನ್ನು ಮಲಯಾಳದಲ್ಲಿ ಅತ್ಯಂತ ವಿಸ್ತಾರವಾಗಿ ಎತ್ತಿದವರು ಪತ್ರಕರ್ತ ಜೋಸೆಫ್ ಇಡಮರುಕು (1934–2006). ಅವರ ಆರಂಭದ ಕೃತಿಗಳಲ್ಲೊಂದರ ಹೆಸರೇ ‘ಕ್ರಿಸ್ತು ಒರು ಮನುಷ್ಯನ್’, ಎಂದರೆ ಕ್ರಿಸ್ತನು ಒಬ್ಬ ಮನುಷ್ಯ. ಇದರಿಂದಾಗಿ ಅವರು ತಮ್ಮ ಸಭೆಯಿಂದ ಹೊರಹಾಕಲ್ಪಟ್ಟರು. ಮುಂದೆ ಅವರು ಕ್ರಿಸ್ತನೂ ಕೃಷ್ಣನೂ ಜೀವಿಸಿರಲೇ ಇಲ್ಲ ಎಂಬ ಅರ್ಥದ ಶೀರ್ಷಿಕೆಯನ್ನೇ ಹೊತ್ತ ಇನ್ನೊಂದು ಪುಸ್ತಕ ಬರೆದರು. ಈ ಎರಡು ಶೀರ್ಷಿಕೆಗಳ ನಡುವಿನ ಅಂತರ ಗಮನಾರ್ಹ. ಕ್ರಿಸ್ತನು ಮನುಷ್ಯನಾಗಿದ್ದನು ಎಂಬುದು ದೈವತ್ವದ ನಿರಾಕರಣೆ. ಆತ ಇರಲೇ ಇಲ್ಲ ಎಂಬುದು ಅಸ್ತಿತ್ವದ ನಿರಾಕರಣೆ. ಮೊದಲನೆಯದು ತತ್ತ್ವಕ್ಕೆ ಸಂಬಂಧಿಸಿದ ಮಾತು. ಅದನ್ನು ಒಪ್ಪಲು ಶಾಸನ, ಹಸ್ತಪ್ರತಿಗಳ ಸಾಕ್ಷ್ಯ ಬೇಕಾಗಿಲ್ಲ. ಎರಡನೆಯದು ಚರಿತ್ರೆಗೆ ಸಂಬಂಧಿಸಿದ ಮಾತು. ಅದನ್ನು ಸಾಧಿಸಲು ಚರಿತ್ರೆಯ ಪ್ರಮಾಣಗಳನ್ನೇ ಬಳಸಬೇಕು. ವಾಗ್ವಾದದ ಬಿಸಿಯಲ್ಲಿ ಇವೆರಡೂ ಒಂದರೊಳಗೊಂದು ಬೆರೆತುಹೋಗಿವೆ.

ಕೇರಳದಲ್ಲಿ ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಹೆಣೆದುಕೊಂಡಿದೆ. ಯೇಸುವಿನ ಶಿಷ್ಯನಾದ ಸಂತ ಥಾಮಸ್ ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರಿನ ಬಳಿ ಬಂದಿಳಿದು ಏಳು ಚರ್ಚುಗಳನ್ನು ಸ್ಥಾಪಿಸಿದನೆಂಬ ಐತಿಹ್ಯ ಅಲ್ಲಿನ ಸಿರಿಯನ್ ಕ್ರೈಸ್ತರಲ್ಲಿ ದೃಢವಾಗಿದೆ. ಥಾಮಸ್ ಬಂದುದು ನಿಜವಾದರೆ ಯೇಸು ಇದ್ದುದೂ ನಿಜ ಎಂದು ಆಸ್ತಿಕ ಪಕ್ಷ ಬಗೆಯುತ್ತದೆ. ಥಾಮಸನ ಕಥೆ ಸುಳ್ಳಾದರೆ ಯೇಸುವಿನ ಕಥೆಯೂ ಸುಳ್ಳು ಎಂಬ ಧ್ವನಿ ನಾಸ್ತಿಕ ಪಕ್ಷದಿಂದ ಹೊರಡುತ್ತದೆ. ವಸ್ತುತಃ ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಎರಡಕ್ಕೂ ಇರುವ ಆಧಾರಗಳು ಬೇರೆ, ಆ ಆಧಾರಗಳ ಕಾಲ ಬೇರೆ, ಗುಣ ಬೇರೆ.

3. ಮೌನವನ್ನು ತೂಗುವ ಬಗೆ

ನಾಸ್ತಿಕ ಪಕ್ಷದ ಮುಖ್ಯ ಅಸ್ತ್ರ ಸಮಕಾಲೀನ ದಾಖಲೆಗಳ ಮೌನ. ಯೇಸುವಿನ ಕಾಲದಲ್ಲಿಯೇ ಬದುಕಿದ್ದ ಅಲೆಕ್ಸಾಂಡ್ರಿಯದ ಯೆಹೂದಿ ತತ್ತ್ವಜ್ಞಾನಿ ಫಿಲೋ ಅವನ ಹೆಸರೆತ್ತುವುದಿಲ್ಲ. ಇಷ್ಟು ದೊಡ್ಡ ಘಟನೆಗಳು ನಡೆದಿದ್ದರೆ ಯಾರಾದರೂ ಬರೆಯದೆ ಇರುತ್ತಿದ್ದರೇ ಎಂಬುದು ಪ್ರಶ್ನೆ. ಕನ್ನಡ ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಬಗೆಯ ಪ್ರಶ್ನೆ ಹೊಸದಲ್ಲ.

ಹಲ್ಮಿಡಿ ಶಾಸನ ಸುಮಾರು ಐದನೆಯ ಶತಮಾನದ್ದು. ಆದರೆ ಕನ್ನಡ ಭಾಷೆ ಹುಟ್ಟಿದ್ದು ಆಗಲೇ ಎಂದು ಯಾರೂ ಹೇಳುವುದಿಲ್ಲ. ಕವಿರಾಜಮಾರ್ಗವು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಹೆಸರಿಸುತ್ತದೆ. ಅವರ ಒಂದು ಕೃತಿಯೂ ದೊರೆತಿಲ್ಲ. ಹಾಗೆಂದು ಅವರು ಇರಲಿಲ್ಲವೆಂಬ ತೀರ್ಮಾನಕ್ಕೆ ಸಾಹಿತ್ಯಚರಿತ್ರಕಾರರು ಬಂದಿಲ್ಲ. ಬಿಜ್ಜಳನ ಕಾಲದ ಶಾಸನಗಳಲ್ಲಿ ಬಸವಣ್ಣನವರ ಹೆಸರು ಕಾಣದಿರುವುದನ್ನು ಹಿಡಿದು ಹಿಂದಿನ ತಲೆಮಾರಿನ ಕೆಲವು ವಿದ್ವಾಂಸರು ಸಂದೇಹ ತಾಳಿದ್ದುಂಟು. ಸುಮಾರು ಒಂದು ಶತಮಾನದ ಅನಂತರದ, 1260ರ ಅರ್ಜುನವಾಡ ಶಾಸನದಲ್ಲಿ ಅವರ ಉಲ್ಲೇಖ ಗುರುತಾದ ಮೇಲೆ ಆ ಸಂದೇಹಕ್ಕೆ ಬಲ ಉಳಿಯಲಿಲ್ಲ. ಇಷ್ಟಾದರೂ ಬಸವಣ್ಣನವರ ಹೆಸರಿನಲ್ಲಿ ಪ್ರಚಲಿತವಾದ ಪವಾಡಕಥೆಗಳೆಲ್ಲ ಆ ಶಾಸನದಿಂದ ಸತ್ಯವಾಗಲಿಲ್ಲ. ವ್ಯಕ್ತಿಯ ಅಸ್ತಿತ್ವ ಬೇರೆ, ಆ ವ್ಯಕ್ತಿಯ ಸುತ್ತ ಬೆಳೆದ ಪುರಾಣ ಬೇರೆ.

ಈ ಅನುಭವದಿಂದ ಮೂರು ನಿಕಷಗಳನ್ನು ಹೇಳಬಹುದು. ಮೊದಲನೆಯದಾಗಿ, ಮೌನವಾಗಿರುವ ದಾಖಲೆ ಅಂಥ ವಿಷಯವನ್ನು ದಾಖಲಿಸುವ ಜಾತಿಯದೇ? ಭೂದಾನದ ಶಾಸನದಲ್ಲಿ ಕವಿಯ ಹೆಸರಿಲ್ಲವೆಂಬುದು ಏನನ್ನೂ ಸಾಧಿಸದು. ಎರಡನೆಯದಾಗಿ, ದಾಖಲಿಸಬೇಕಾಗಿದ್ದ ಬರವಣಿಗೆ ಉಳಿದುಬಂದಿದೆಯೇ, ನಾಶವಾಗಿದೆಯೇ? ನಾಶವಾದುದರ ಮೌನ ಸಾಕ್ಷ್ಯವಲ್ಲ. ಮೂರನೆಯದಾಗಿ, ಮೌನವನ್ನು ತುಂಬಲು ಬಂದ ಐತಿಹ್ಯ ಯಾವ ಕಾಲದ್ದು, ಅದರಿಂದ ಯಾರಿಗೆ ಪ್ರಯೋಜನ?

4. ಯೇಸುವಿನ ಪ್ರಶ್ನೆ

ಈ ನಿಕಷಗಳಿಂದ ನೋಡಿದಾಗ ನಾಸ್ತಿಕ ಪಕ್ಷದ ವಾದಗಳಲ್ಲಿ ಕೆಲವು ದೃಢವಾಗಿಯೇ ನಿಲ್ಲುತ್ತವೆ. ಯೇಸುವಿನ ಜನನದ ಕಥೆಯನ್ನು ಮತ್ತಾಯ ಹಾಗೂ ಲೂಕರ ಸುವಾರ್ತೆಗಳು ಹೇಳುತ್ತವೆ. ಮತ್ತಾಯನ ಪ್ರಕಾರ ಅದು ಹೆರೋದ ಅರಸನ ಕಾಲ. ಆತ ಸತ್ತದ್ದು ಕ್ರಿ.ಪೂ. 4ರ ಸುಮಾರಿಗೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಲೂಕನಾದರೋ ಸಿರಿಯಾದ ಅಧಿಪತಿ ಕ್ವಿರಿನಿಯಸ್ ನಡೆಸಿದ ಜನಗಣತಿಯನ್ನು ತರುತ್ತಾನೆ. ಅದು ನಡೆದದ್ದು ಕ್ರಿ.ಶ. 6ರಲ್ಲಿ. ಸುಮಾರು ಹತ್ತು ವರ್ಷಗಳ ಈ ಅಂತರವನ್ನು ಸರಿಪಡಿಸಲು ನಡೆದ ಪ್ರಯತ್ನಗಳಾವುವೂ ಸರ್ವಸಮ್ಮತವಾಗಿಲ್ಲ. ಯೆಹೂದಿ ಇತಿಹಾಸಕಾರ ಜೋಸೆಫಸ್ ಕ್ರಿ.ಶ. 93–94ರ ಸುಮಾರಿಗೆ ಮುಗಿಸಿದ ಗ್ರಂಥದಲ್ಲಿ ಯೇಸುವನ್ನು ಕೊಂಡಾಡುವ ಭಾಗದಲ್ಲಿ ಅನಂತರದ ಕ್ರೈಸ್ತ ಲಿಪಿಕಾರರ ಕೈವಾಡವಿದೆಯೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಕನ್ನಡದ ಗ್ರಂಥಸಂಪಾದಕರ ಪರಿಭಾಷೆಯಲ್ಲಿ ಹೇಳುವುದಾದರೆ ಅಲ್ಲಿ ಪ್ರಕ್ಷಿಪ್ತವಿದೆ. ಇಷ್ಟನ್ನು ಕೇರಳದ ಯುಕ್ತಿವಾದಿಗಳು ಎತ್ತಿ ತೋರಿಸಿದ್ದು ಸರಿಯೇ.

ಆದರೆ ಇವುಗಳಿಂದ ‘ಆದ್ದರಿಂದ ಯೇಸು ಇರಲಿಲ್ಲ’ ಎಂಬ ತೀರ್ಮಾನ ಹೊರಡುವುದಿಲ್ಲ. ಜನನಕಥೆಗಳ ತೊಡಕೇ ಬೇರೊಂದನ್ನು ಸೂಚಿಸುತ್ತದೆ. ಮೆಸ್ಸೀಯ ಬೆತ್ಲೆಹೇಮಿನಲ್ಲಿ ಹುಟ್ಟಬೇಕೆಂಬ ನಿರೀಕ್ಷೆ ಇತ್ತು. ನಜರೇತಿನವನೊಬ್ಬನನ್ನು ಬೆತ್ಲೆಹೇಮಿಗೆ ಕರೆದೊಯ್ಯಲು ಇಬ್ಬರು ಲೇಖಕರೂ ಬೇರೆ ಬೇರೆ ದಾರಿ ಹಿಡಿದು ಕಷ್ಟಪಟ್ಟಿದ್ದಾರೆ. ಸಂಪೂರ್ಣ ಕಲ್ಪಿತ ವ್ಯಕ್ತಿಯಾಗಿದ್ದರೆ ಅವನನ್ನು ನೇರವಾಗಿ ಬೆತ್ಲೆಹೇಮಿನವನನ್ನಾಗಿ ಮಾಡುವುದಕ್ಕೆ ಅಡ್ಡಿಯೇನಿತ್ತು? ನಜರೇತು ಎಂಬುದು ಅಳಿಸಲಾಗದ ನೆನಪಾಗಿ ಉಳಿದಿತ್ತೆಂದೇ ತೋರುತ್ತದೆ. ಶಿಲುಬೆಯ ಮರಣವೂ ಅಂಥದೇ. ಗುಲಾಮರಿಗೂ ಬಂಡುಕೋರರಿಗೂ ಮೀಸಲಾಗಿದ್ದ ಅವಮಾನದ ಸಾವನ್ನು ತಮ್ಮ ಉದ್ಧಾರಕನಿಗೆ ಯಾರೂ ಬೇಕೆಂದು ಕಲ್ಪಿಸಿಕೊಳ್ಳುವುದು ಕಷ್ಟ.

ಇನ್ನು ದಾಖಲೆಗಳು. ಪೌಲನ ಪತ್ರಗಳು ಕ್ರಿ.ಶ. ಐವತ್ತರ ದಶಕದವು, ಎಂದರೆ ಮರಣದ ಸುಮಾರು ಎರಡು ದಶಕಗಳ ಅನಂತರದವು. ಗಲಾತ್ಯರಿಗೆ ಬರೆದ ಪತ್ರದಲ್ಲಿ ಆತ ಯೇಸುವಿನ ಸಹೋದರ ಯಾಕೋಬನನ್ನು ತಾನು ಕಂಡುದಾಗಿ ಹೇಳುತ್ತಾನೆ. ಜೋಸೆಫಸನ ಇನ್ನೊಂದು ಭಾಗದಲ್ಲಿ ಇದೇ ಯಾಕೋಬನ ಕೊಲೆಯ ಪ್ರಸ್ತಾಪ ಬರುತ್ತದೆ. ಇದನ್ನು ಪ್ರಕ್ಷಿಪ್ತವೆಂದು ಭಾವಿಸುವವರು ಕಡಿಮೆ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಎರಡನೆಯ ಶತಮಾನದ ಆರಂಭದಲ್ಲಿ, ಕ್ರೈಸ್ತರ ಬಗ್ಗೆ ತಿರಸ್ಕಾರದಿಂದಲೇ ಬರೆಯುತ್ತ, ಪಿಲಾತನ ಆಡಳಿತದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾದುದನ್ನು ಉಲ್ಲೇಖಿಸುತ್ತಾನೆ. ಪಿಲಾತನಂಥ ಅಧಿಪತಿಯ ಹೆಸರುಳ್ಳ ಶಿಲಾಲೇಖವೇ ದೊರೆತದ್ದು 1961ರಲ್ಲಿ, ಸಿಸೇರಿಯದ ಉತ್ಖನನದಲ್ಲಿ. ಪ್ರಾಂತಾಧಿಪತಿಯ ವಿಷಯದಲ್ಲಿಯೇ ಕಲ್ಲಿನ ಸಾಕ್ಷ್ಯ ಇಷ್ಟು ವಿರಳವಾಗಿರುವಾಗ ಗಲಿಲಾಯದ ಹಳ್ಳಿಯ ಮರಗೆಲಸದವನೊಬ್ಬನಿಗೆ ಸಮಕಾಲೀನ ಸರ್ಕಾರಿ ದಾಖಲೆಯನ್ನು ಕೇಳುವುದು ಮೊದಲ ನಿಕಷಕ್ಕೇ ಹೊಂದುವುದಿಲ್ಲ.

ಈ ವಾದವನ್ನು ಮಂಡಿಸುವವರು ಆಸ್ತಿಕರೇ ಆಗಬೇಕಾಗಿಲ್ಲ ಎಂಬುದು ವಿಶೇಷ. ಯೇಸು ಇದ್ದನೇ ಎಂಬುದನ್ನೇ ವಿಷಯವಾಗಿಸಿಕೊಂಡು 2012ರಲ್ಲಿ ಪುಸ್ತಕ ಬರೆದು, ಇದ್ದನೆಂಬ ನಿಲುವನ್ನು ಸಮರ್ಥಿಸಿದ ಅಮೆರಿಕದ ವಿದ್ವಾಂಸ ಬಾರ್ಟ್ ಎರ್‌ಮನ್ ಸ್ವತಃ ವಿಶ್ವಾಸಿಯಲ್ಲ. ಆರ್ಥರ್ ಡ್ರೂಸ್ 1909ರಲ್ಲಿ ಮಂಡಿಸಿದಂಥ ‘ಕ್ರಿಸ್ತಪುರಾಣ’ ಸಿದ್ಧಾಂತಕ್ಕೆ ಇಂದಿಗೂ ಅನುಯಾಯಿಗಳಿದ್ದರೂ ಆ ಕಾಲದ ಚರಿತ್ರೆಯ ತಜ್ಞರಲ್ಲಿ ಅವರದು ತೀರ ಅಲ್ಪಮತ. ಹೀಗೆ ಇಡಮರುಕು ಅವರ ಎರಡು ಶೀರ್ಷಿಕೆಗಳಲ್ಲಿ ಚರಿತ್ರೆಯ ಪ್ರಮಾಣಕ್ಕೆ ಹೆಚ್ಚು ಹತ್ತಿರವಾದುದು ಮೊದಲನೆಯದು. ಪುನರುತ್ಥಾನದಂಥ ವಿಶ್ವಾಸದ ಸಂಗತಿಯಾದರೋ ಈ ಪ್ರಮಾಣಗಳಿಂದ ಸಿದ್ಧವಾಗುವುದೂ ಇಲ್ಲ.

5. ಥಾಮಸನ ಪ್ರಶ್ನೆ

ಥಾಮಸ್ ಐತಿಹ್ಯದ ಸ್ಥಿತಿ ಬೇರೆ. ಥಾಮಸ್ ಭಾರತಕ್ಕೆ ಬಂದನೆಂದು ವಿಸ್ತಾರವಾಗಿ ಹೇಳುವ ಅತ್ಯಂತ ಹಳೆಯ ಪಠ್ಯ ‘ಥಾಮಸನ ಕೃತ್ಯಗಳು’ ಎಂಬ ಸಿರಿಯಾಕ್ ಕಥನ. ಅದು ಸುಮಾರು ಮೂರನೆಯ ಶತಮಾನದ ಆರಂಭದಲ್ಲಿ ಎಡೆಸ್ಸದ ಪರಿಸರದಲ್ಲಿ ಹುಟ್ಟಿದುದು. ಭಾರತಕ್ಕೆ ಹೋಗಲೊಲ್ಲದ ಥಾಮಸನನ್ನು ಯೇಸುವೇ ಹಬ್ಬಾನ್ ಎಂಬ ವರ್ತಕನಿಗೆ ಗುಲಾಮನಾಗಿ ಮಾರಿದನೆಂದೂ, ಗುಂಡಫರ್ ಎಂಬ ಅರಸನಿಗೆ ಅರಮನೆ ಕಟ್ಟಲು ಅವನನ್ನು ಕರೆತರಲಾಯಿತೆಂದೂ ಅಲ್ಲಿ ಬರುತ್ತದೆ. ಇದನ್ನು ಬರಿಯ ಕಟ್ಟುಕಥೆಯೆಂದು ಬದಿಗಿರಿಸಿದ್ದಾಗ ಹತ್ತೊಂಬತ್ತನೆಯ ಶತಮಾನದಲ್ಲಿ ವಾಯವ್ಯ ಭಾರತದ ಕಡೆ ಗೊಂಡೊಫರೀಸ್ ಎಂಬ ಅರಸನ ನಾಣ್ಯಗಳು ದೊರೆತವು. ತಖ್ತ್-ಇ-ಬಾಹಿಯ ಶಾಸನದಿಂದ ಆತ ಒಂದನೆಯ ಶತಮಾನದವನೆಂದು ಗೊತ್ತಾಯಿತು.

ಎರಡು ಪಕ್ಷಗಳೂ ಇದರಿಂದ ಕಲಿಯಬೇಕಾದುದಿದೆ. ಕಥನವೆಂದ ಮಾತ್ರಕ್ಕೆ ಅದರೊಳಗಿನ ಎಲ್ಲವೂ ಕಲ್ಪಿತವಲ್ಲ. ಹಾಗೆಯೇ ಅರಸನ ಹೆಸರು ನಿಜವಾದ ಮಾತ್ರಕ್ಕೆ ಅಪೊಸ್ತಲನ ಪ್ರಯಾಣ ನಿಜವಾಗುವುದಿಲ್ಲ. ಮೇಲಾಗಿ ಆ ಅರಸನ ರಾಜ್ಯ ಕೇರಳದಿಂದ ಬಹುದೂರ. ಪೋಪ್ ಹದಿನಾರನೆಯ ಬೆನೆಡಿಕ್ಟ್ 2006ರ ಉಪನ್ಯಾಸವೊಂದರಲ್ಲಿ ಥಾಮಸ್ ಪಶ್ಚಿಮ ಭಾರತವನ್ನು ತಲುಪಿದನೆಂದೂ ಕ್ರೈಸ್ತಧರ್ಮ ಅಲ್ಲಿಂದ ದಕ್ಷಿಣಕ್ಕೆ ಬಂದಿತೆಂದೂ ಅರ್ಥವಾಗುವಂತೆ ಆಡಿದ ಮಾತು ಕೇರಳದ ಕ್ರೈಸ್ತ ವಲಯಗಳಲ್ಲಿ ಅಸಮಾಧಾನ ಹುಟ್ಟಿಸಿತು. ಈ ಪ್ರಶ್ನೆ ನಾಸ್ತಿಕರು ಮಾತ್ರ ಎತ್ತಿದ್ದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕೇರಳದ ನೆಲದ ಸಾಕ್ಷ್ಯಗಳನ್ನು ಕಾಲಾನುಕ್ರಮದಲ್ಲಿ ಇಡುವುದಾದರೆ ಚಿತ್ರ ಹೀಗಿದೆ. ಒಂದನೆಯ ಶತಮಾನದಲ್ಲಿ ಮುಜಿರಿಸ್ ಎಂಬ ಬಂದರು ರೋಮ್ ಸಾಮ್ರಾಜ್ಯದೊಂದಿಗೆ ವ್ಯಾಪಾರ ನಡೆಸುತ್ತಿದ್ದುದು ಪ್ಲಿನಿಯ ಬರಹ ಹಾಗೂ ಪೆರಿಪ್ಲಸ್ ಗ್ರಂಥದಿಂದ ನಿಸ್ಸಂದೇಹ. ಆರನೆಯ ಶತಮಾನದಲ್ಲಿ ಕಾಸ್ಮಾಸ್ ಎಂಬ ನಾವಿಕ ವರ್ತಕ ಮೆಣಸು ಬೆಳೆಯುವ ‘ಮಾಲೆ’ ನಾಡಿನಲ್ಲಿ ಕ್ರೈಸ್ತರಿರುವುದನ್ನು ಹೇಳುತ್ತಾನೆ. ಥಾಮಸನ ಹೆಸರನ್ನು ಹೇಳುವುದಿಲ್ಲ. 849ರ ತರಿಸಾಪ್ಪಳ್ಳಿ ತಾಮ್ರಪಟಗಳಲ್ಲಿ ಕೊಲ್ಲಂನ ಚರ್ಚಿಗೆ ವೇಣಾಡಿನ ಅಯ್ಯನಡಿಗಳ್ ಕೊಟ್ಟ ದತ್ತಿಯ ವಿವರವಿದೆ, ಅಲ್ಲಿಯೂ ಥಾಮಸನಿಲ್ಲ. ಕ್ರಿ.ಶ. 52, ಏಳು ಚರ್ಚುಗಳು, ಮತಾಂತರಗೊಂಡ ಮನೆತನಗಳು ಎಂಬ ವಿವರಗಳೆಲ್ಲ ಒಟ್ಟಾಗಿ ಸ್ಥಳೀಯವಾಗಿ ಕಾಣಸಿಗುವುದು ಪೋರ್ಚುಗೀಸರು ಬಂದ ಅನಂತರದ ಕಾಲದ ಬರಹಗಳಲ್ಲಿ. ಹೀಗಾಗಿ ಸಮುದ್ರಮಾರ್ಗವಿದ್ದುದರಿಂದ ಥಾಮಸ್ ಬರಬಹುದಾಗಿತ್ತು ಎನ್ನಬಹುದು. ಬಂದನು ಎನ್ನಲು ಆಧಾರ ಸಾಲದು. ಆರನೆಯ ಶತಮಾನದ ವೇಳೆಗಾದರೂ ಕ್ರೈಸ್ತ ಸಮುದಾಯ ಅಲ್ಲಿ ನೆಲೆಗೊಂಡಿತ್ತು ಎಂಬುದು ಮಾತ್ರ ಸಿದ್ಧವಾದ ಸಂಗತಿ.

ಕೊಚ್ಚಿಯ ಮಟ್ಟಾಂಚೇರಿಯ ಯೆಹೂದಿಗಳ ನಿದರ್ಶನವನ್ನು ಇಲ್ಲಿ ಹೋಲಿಸಬಹುದು. ಜೋಸೆಫ್ ರಬ್ಬಾನ್ ಎಂಬವನಿಗೆ ಭಾಸ್ಕರ ರವಿ ಅರಸನು ಕೊಟ್ಟ ತಾಮ್ರಪಟಗಳನ್ನು ಆ ಸಮುದಾಯ ಬಹುಕಾಲ ಕ್ರಿ.ಶ. 379ರದ್ದೆಂದು ನಂಬಿತ್ತು. ಲಿಪಿ ಹಾಗೂ ಅರಸರ ಕಾಲವನ್ನು ಪರಿಶೀಲಿಸಿದ ವಿದ್ವಾಂಸರು ಅದನ್ನು ಸುಮಾರು 1000ಕ್ಕೆ ತಂದರು. ಕಾಲ ಆರು ಶತಮಾನಗಳಷ್ಟು ಈಚೆಗೆ ಬಂದುದರಿಂದ ಆ ಸಮುದಾಯದ ಗೌರವವೇನೂ ಕುಂದಲಿಲ್ಲ. ಕೇರಳದಲ್ಲಿ ಹಲವು ಧರ್ಮಗಳು ಒಟ್ಟಿಗೆ ಬಾಳಿದ ಬಗೆಯನ್ನು ಇಂಥ ಶಾಸನಗಳ ಆಧಾರದಿಂದಲೇ ಎಂ. ಜಿ. ಎಸ್. ನಾರಾಯಣನ್ (1932–2025) ತಿರುವನಂತಪುರದಿಂದ 1972ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ.

6. ಮೌನ ಹುಟ್ಟಿದ ಬಗೆ

ದಾಖಲೆಗಳ ಮೌನ ತಾನಾಗಿಯೇ ಹುಟ್ಟಬೇಕೆಂದಿಲ್ಲ. ಕೆಲವೊಮ್ಮೆ ಅದನ್ನು ಹುಟ್ಟಿಸಲಾಗುತ್ತದೆ. ಕೊಚ್ಚಿಗೆ ಸಮೀಪದ ಉದಯಂಪೇರೂರಿನಲ್ಲಿ 1599ರ ಜೂನ್ ತಿಂಗಳಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೇಸಿಸ್ ಸೇರಿಸಿದ ಧರ್ಮಸಭೆ ಸ್ಥಳೀಯ ಕ್ರೈಸ್ತರ ಸಿರಿಯಾಕ್ ಗ್ರಂಥಗಳನ್ನು ಒಪ್ಪಿಸಬೇಕೆಂದೂ ದೋಷಯುಕ್ತವೆಂದು ಕಂಡವನ್ನು ತಿದ್ದಬೇಕು ಇಲ್ಲವೆ ಸುಡಬೇಕೆಂದೂ ವಿಧಿಸಿತು. 1653ರಲ್ಲಿ ಮಟ್ಟಾಂಚೇರಿಯಲ್ಲಿ ನಡೆದ ‘ಕೂನನ್ ಕುರಿಶು’ ಪ್ರತಿಜ್ಞೆಯ ಹಿಂದೆ ಈ ಬಗೆಯ ಒತ್ತಾಯಗಳ ವಿರುದ್ಧ ಕೂಡಿಬಂದ ಆಕ್ರೋಶವಿತ್ತು. ಕೇರಳದ ಕ್ರೈಸ್ತರಲ್ಲಿ ಹಳೆಯ ಬರಹಗಳಿಲ್ಲ ಎಂದು ಆಕ್ಷೇಪಿಸುವವರು ಈ ಸುಟ್ಟ ಗ್ರಂಥಗಳನ್ನು ಮರೆಯಬಾರದು. ಅವುಗಳಲ್ಲಿ ಥಾಮಸನ ಆಗಮನಕ್ಕೆ ಆಧಾರವಿದ್ದೇ ಇತ್ತೆಂದು ಹೇಳುವ ಹಕ್ಕೂ ಯಾರಿಗೂ ಇಲ್ಲ. ಎರಡನೆಯ ನಿಕಷ ಎರಡೂ ಕಡೆ ಕತ್ತರಿಸುತ್ತದೆ.

ಇದಕ್ಕಿಂತ ಆಳವಾದ ಇನ್ನೊಂದು ಮೌನವಿದೆ. ತರಿಸಾಪ್ಪಳ್ಳಿಯ ತಾಮ್ರಪಟಗಳು ಸರಿಸುಮಾರು ಕವಿರಾಜಮಾರ್ಗದ ಕಾಲದವು. ಅವುಗಳಲ್ಲಿ ದಾನಿಯ ಹೆಸರಿದೆ, ಚರ್ಚನ್ನು ಕಟ್ಟಿಸಿದ ಮರುವಾನ್ ಸಾಪಿರ್ ಈಶೋ ಎಂಬ ವರ್ತಕನ ಹೆಸರಿದೆ, ಕೂಫಿ, ಪಹ್ಲವಿ ಹಾಗೂ ಹೀಬ್ರೂ ಲಿಪಿಗಳಲ್ಲಿ ಸಾಕ್ಷಿಗಳ ರುಜುಗಳಿವೆ. ಚರ್ಚಿಗೆ ಒಪ್ಪಿಸಲಾದ ಈಳವರು, ಬಡಗಿಗಳು, ವೆಳ್ಳಾಳರು ಮುಂತಾದ ದುಡಿಯುವವರು ಕುಟುಂಬಗಳ ಲೆಕ್ಕದಲ್ಲಿ ಬರುತ್ತಾರೆ, ಅವರಿಗೆ ಹೆಸರಿಲ್ಲ. ಅವರು ಇದ್ದರೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ದಾಖಲೆ ಅವರನ್ನು ಮನುಷ್ಯರಾಗಿ ಕಾಣಲಿಲ್ಲ, ಅಷ್ಟೆ.

ಮೂರನೆಯ ನಿಕಷ ಪ್ರಸ್ತುತವಾಗುವುದು ಇಲ್ಲಿಯೇ. ಥಾಮಸ್ ಐತಿಹ್ಯದ ಪ್ರಚಲಿತ ರೂಪದಲ್ಲಿ ಆತ ನಂಬೂದಿರಿ ಬ್ರಾಹ್ಮಣರಿಗೆ ದೀಕ್ಷಾಸ್ನಾನ ಕೊಟ್ಟನೆಂಬ ಅಂಶ ಸೇರಿದೆ. ಕೆಲವು ಮನೆತನಗಳು ಅಂಥ ಮೂಲವನ್ನು ಹೇಳಿಕೊಳ್ಳುತ್ತವೆ. ಕೇರಳದಲ್ಲಿ ಬ್ರಾಹ್ಮಣ ವಸತಿಗಳು ವ್ಯವಸ್ಥಿತವಾಗಿ ನೆಲೆಗೊಂಡದ್ದು ಒಂದನೆಯ ಶತಮಾನಕ್ಕಿಂತ ಬಹಳ ಈಚೆಗೆಂದು ಬಹುಮಂದಿ ಇತಿಹಾಸಕಾರರ ಅಭಿಪ್ರಾಯ. ಆದ್ದರಿಂದ ಥಾಮಸ್ ಬಂದನೆಂದೇ ಇಟ್ಟುಕೊಂಡರೂ ಈ ಅಂಶ ನಿಲ್ಲುವುದು ಕಷ್ಟ. ಚರಿತ್ರೆಯ ಸಾಕ್ಷ್ಯಕ್ಕಿಂತ ಜಾತಿಶ್ರೇಣಿಯಲ್ಲಿ ಸ್ಥಾನ ಪಡೆಯುವ ಅಗತ್ಯ ಅದರಲ್ಲಿ ಎದ್ದು ಕಾಣುತ್ತದೆ.

ಇದರ ಫಲವನ್ನು ಉಂಡವರು ದಲಿತ ಕ್ರೈಸ್ತರು. ಗುಲಾಮಗಿರಿಯನ್ನು ಕೊಚ್ಚಿ ಸಂಸ್ಥಾನ 1854ರಲ್ಲಿ, ತಿರುವಿತಾಂಕೂರು 1855ರಲ್ಲಿ ಕಾನೂನಿನ ಮಟ್ಟಿಗೆ ತೊಡೆದುಹಾಕಿದವು. ಆದರೆ ಕ್ರೈಸ್ತರಾದ ಪುಲಯರಿಗೂ ಪರಯರಿಗೂ ಪ್ರತ್ಯೇಕ ಪ್ರಾರ್ಥನಾಮಂದಿರಗಳೇ ಗತಿಯಾದವು. ಇರವಿಪೇರೂರಿನಲ್ಲಿ, ಸಿರಿಯನ್ ಕ್ರೈಸ್ತ ಮನೆತನವೊಂದಕ್ಕೆ ಜೀತಕ್ಕಿದ್ದ ಕುಟುಂಬದಲ್ಲಿ ಹುಟ್ಟಿದ ಪೊಯ್ಗೆಯಿಲ್ ಯೋಹನ್ನಾನ್ (1879–1939) ಒಂದರ ಅನಂತರ ಒಂದು ಸಭೆಯನ್ನು ಸೇರಿ ಎಲ್ಲ ಕಡೆಯೂ ಇದೇ ಭೇದವನ್ನು ಕಂಡು ಹೊರಬಂದರು, ‘ಪ್ರತ್ಯಕ್ಷ ರಕ್ಷಾ ದೈವಸಭೆ’ಯನ್ನು ಕಟ್ಟಿದರು, ತಿರುವನಂತಪುರದ ಶ್ರೀಮೂಲಂ ಪ್ರಜಾಸಭೆಯಲ್ಲಿ 1921ರಲ್ಲಿಯೂ 1931ರಲ್ಲಿಯೂ ಸದಸ್ಯರಾಗಿ ತಮ್ಮವರ ಪರವಾಗಿ ಮಾತನಾಡಿದರು. ಲೋಕದ ಇತಿಹಾಸಗಳನ್ನೆಲ್ಲ ತೆರೆದು ನೋಡಿದರೂ ತನ್ನ ಜನರ ಬಗ್ಗೆ ಒಂದಕ್ಷರವೂ ಸಿಗುವುದಿಲ್ಲವೆಂಬುದು ಅವರ ಹಾಡುಗಳ ಪ್ರಸಿದ್ಧ ಅಳಲು. ಸನಲ್ ಮೋಹನ್ ಅವರ 2015ರ ಅಧ್ಯಯನಗ್ರಂಥ ಈ ಗುಲಾಮಗಿರಿಯ ನೆನಪನ್ನು ಚರಿತ್ರೆಯ ವಸ್ತುವಾಗಿಸಿದೆ.

ಯೋಹನ್ನಾನರ ಪ್ರಶ್ನೆ ಆಸ್ತಿಕ, ನಾಸ್ತಿಕ ಪಕ್ಷಗಳೆರಡನ್ನೂ ಪರೀಕ್ಷೆಗೆ ಒಡ್ಡುತ್ತದೆ. ದಾಖಲೆಯಲ್ಲಿ ಇಲ್ಲದವರು ಇರಲೇ ಇಲ್ಲ ಎಂಬ ಸೂತ್ರವನ್ನು ನಾಸ್ತಿಕ ಪಕ್ಷ ಯಾಂತ್ರಿಕವಾಗಿ ಅನ್ವಯಿಸಿದರೆ ಯೇಸುವಿನ ಜೊತೆಗೆ ಕೇರಳದ ಗದ್ದೆಗಳನ್ನು ಉತ್ತ ಎಷ್ಟೋ ತಲೆಮಾರುಗಳೂ ಇಲ್ಲವಾಗುತ್ತವೆ. ಅವರ ಪರವಾಗಿಯೇ ಹುಟ್ಟಿದ ಚಳವಳಿಗೆ ಇದು ಒಪ್ಪುವ ತರ್ಕವಲ್ಲ. ದಾಖಲೆಯಿಲ್ಲದ ಕಡೆ ಕುಲೀನ ಮೂಲದ ಕಥೆಯನ್ನು ಇರಿಸುವ ಆಸ್ತಿಕ ಪಕ್ಷವಾದರೋ, ಗುಲಾಮರ ಮರಣವನ್ನು ಸತ್ತವನನ್ನು ಆರಾಧಿಸುತ್ತ, ಗುಲಾಮನಾಗಿ ಮಾರಲ್ಪಟ್ಟು ಬಂದನೆಂಬ ಅಪೊಸ್ತಲನನ್ನು ಬ್ರಾಹ್ಮಣ ಮನೆತನಗಳ ಮೂಲಪುರುಷನ ಗುರುವನ್ನಾಗಿ ಮಾಡಿಕೊಂಡಿರುವ ವೈಪರೀತ್ಯಕ್ಕೆ ಉತ್ತರಿಸಬೇಕಾಗುತ್ತದೆ.

7. ಉಪಸಂಹಾರ

ಈ ವಾಗ್ವಾದ ಮುಗಿದಿಲ್ಲ. ತಿರುವನಂತಪುರದ ಕೇರಳ ಚರಿತ್ರ ಗವೇಷಣ ಕೌನ್ಸಿಲ್ 2007ರಿಂದ ಕೊಚ್ಚಿಯ ಉತ್ತರಕ್ಕಿರುವ ಪಟ್ಟಣಂ ಗ್ರಾಮದಲ್ಲಿ ನಡೆಸಿದ ಉತ್ಖನನಗಳಲ್ಲಿ ಮೆಡಿಟರೇನಿಯನ್ ಪ್ರದೇಶದ ಮದ್ಯದ ಜಾಡಿಗಳ ಚೂರುಗಳು, ಮಣಿಗಳು, ಇಟ್ಟಿಗೆಯ ರಚನೆಗಳು, ಒಂದು ದೋಣಿಯ ಅವಶೇಷ ದೊರೆತವು. ಇದೇ ಹಳೆಯ ಮುಜಿರಿಸ್ ಎಂಬ ಗುರುತಿಸುವಿಕೆಯನ್ನು ಕೆಲವು ಇತಿಹಾಸಕಾರರು ಒಪ್ಪಲಿಲ್ಲ. ಥಾಮಸ್ ಐತಿಹ್ಯಕ್ಕೆ ಬೆಂಬಲ ಒದಗಿಸಲೆಂದೇ ಈ ಉತ್ಖನನ ನಡೆಯುತ್ತಿದೆಯೆಂಬ ಆಪಾದನೆಯೂ ಬಂದಿತು. ಜಾಡಿಯ ಚೂರು ಹಡಗು ಬಂದುದನ್ನು ಹೇಳುತ್ತದೆ. ಹಡಗಿನಲ್ಲಿ ಯಾರಿದ್ದರೆಂಬುದನ್ನು ಹೇಳುವುದಿಲ್ಲ. ಇನ್ನೊಂದೆಡೆ, ಕ್ರಿಸ್ತನನ್ನು ಮನುಷ್ಯನಾಗಿ ಚಿತ್ರಿಸಿದ ಪಿ. ಎಂ. ಆಂಟನಿಯವರ ‘ಕ್ರಿಸ್ತುವಿಂಡೆ ಆರಾಂ ತಿರುಮುರಿವು’ ನಾಟಕವನ್ನು 1986ರಲ್ಲಿ ನಿಷೇಧಿಸಲಾಯಿತು. ನಿಷೇಧದಿಂದ ಯಾವ ಪಕ್ಷದ ಪ್ರಮಾಣಕ್ಕೂ ಬಲ ಬರುವುದಿಲ್ಲ. ಉದಯಂಪೇರೂರಿನಲ್ಲಿ ಆದಂತೆ ಅದು ಮುಂದಿನವರಿಗೆ ಮತ್ತೊಂದು ಮೌನವನ್ನು ಬಿಟ್ಟುಹೋಗುತ್ತದೆ.

ಕನ್ನಡದ ಅಧ್ಯೇತೃಗಳಿಗೆ ಈ ಸಂದರ್ಭದಲ್ಲಿ ನೆನಪಾಗಬೇಕಾದವರು ಮಂಜೇಶ್ವರದ ಗೋವಿಂದ ಪೈಗಳು. 1956ರಲ್ಲಿ ಕೇರಳಕ್ಕೆ ಸೇರಿದ ಆ ಗಡಿನಾಡಿನಲ್ಲಿ ಬಾಳಿದ ಅವರು ಯೇಸುವಿನ ಕಡೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಖಂಡಕಾವ್ಯ ಬರೆದರು. ಶಾಸನಗಳ ತೇದಿಗಳನ್ನೂ ಕವಿಗಳ ಕಾಲವನ್ನೂ ನಿಷ್ಠುರವಾಗಿ ಜಾಲಾಡಿದ ಸಂಶೋಧಕರೂ ಅವರೇ. ಯಾತನೆಗೆ ಮಿಡಿಯಲು ಅವರು ಶಾಸನದ ಅಪ್ಪಣೆಗಾಗಿ ಕಾಯಲಿಲ್ಲ. ತೇದಿಯನ್ನು ನಿರ್ಣಯಿಸುವಾಗ ಭಕ್ತಿಗೆ ಕೈಹಿಡಿಯಗೊಡಲಿಲ್ಲ. ಕೇರಳದ ವಾಗ್ವಾದದಲ್ಲಿ ಬಹುತೇಕ ಒಂದಾಗಿಬಿಟ್ಟಿರುವ ಈ ಎರಡು ಕೆಲಸಗಳನ್ನು ಅವರು ಬೇರೆಬೇರೆಯಾಗಿ ಇಟ್ಟುಕೊಂಡು ಎರಡನ್ನೂ ಮಾಡಿದರು. ಯೇಸು ಎಂಬ ಮನುಷ್ಯ ಇದ್ದನೆಂದು ಒಪ್ಪಲು ನಾಸ್ತಿಕನು ತನ್ನ ನಾಸ್ತಿಕತೆಯನ್ನು ಬಿಡಬೇಕಾಗಿಲ್ಲ, ಕ್ರಿ.ಶ. 52 ಸಿದ್ಧವಾಗಿಲ್ಲವೆಂದು ಒಪ್ಪಲು ವಿಶ್ವಾಸಿಯು ತನ್ನ ವಿಶ್ವಾಸವನ್ನು ಬಿಡಬೇಕಾಗಿಲ್ಲ. ಇಬ್ಬರೂ ಇಷ್ಟನ್ನು ಒಪ್ಪಿದ ಮೇಲೆ, ತಾಮ್ರಪಟದಲ್ಲಿ ಲೆಕ್ಕಕ್ಕೆ ಮಾತ್ರ ಬಂದು ಹೆಸರಿಗೆ ಬಾರದವರ ಚರಿತ್ರೆಯನ್ನು ಹುಡುಕುವ ಕೆಲಸ ಇಬ್ಬರಿಗೂ ಸಮಾನವಾಗಿ ಉಳಿದಿರುತ್ತದೆ.